ಕೃಷಿ ವಿಶ್ವವಿದ್ಯಾಲಯದ ಹುಡುಗರು ಊರಿಗೆ ಬಂದರೆ ಮನೆಗೆ ಏನು ಉಳಿಯುತ್ತದೆ?

ಕೃಷಿ ಪದವಿಯ ಕೊನೆಯ ವರ್ಷದ ವಿದ್ಯಾರ್ಥಿಗಳು ಊರಲ್ಲಿ ಬಂದು ಇರುವುದು, ರೈತರ ಜತೆ ತೋಟ ಗದ್ದೆ ಸುತ್ತುವುದು, ಕೊನೆಗೊಂದು ವಸ್ತುಪ್ರದರ್ಶನ ಮಾಡಿ ಹೊರಡುವುದು ಮಲೆನಾಡಿನ ಬಹಳ ಊರುಗಳಿಗೆ ಗೊತ್ತಿರುವ ಸಂಗತಿ. ಕಾಲೇಜಿನ ಕಾಗದದಲ್ಲಿ ಇದರ ಹೆಸರು ಗ್ರಾಮೀಣ ಕೃಷಿ ಕಾರ್ಯಾನುಭವ ಕಾರ್ಯಕ್ರಮ. ಹುಡುಗರ ಬಾಯಲ್ಲಿ, ಇಂಗ್ಲಿಷ್ ಹೆಸರಿನ ಮೊದಲಕ್ಷರ ಕೂಡಿಸಿ, ಬರೀ ‘ರಾವೆ’. 2015ರಿಂದ ಇದು ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ‘ಸ್ಟೂಡೆಂಟ್ ರೆಡಿ’ ಯೋಜನೆಯೊಳಗೆ ಸೇರಿದೆ. ಕಾಲೇಜಿಗೆ ಇದು ಪಾಠ, ಅಂಕ. ಊರಿಗೆ ಇದು ವಿಶ್ವವಿದ್ಯಾಲಯ ಬಾಗಿಲಿಗೇ ತಂದುಕೊಡುವ ಸೇವೆ. ಸೇವೆ ಅಂದಮೇಲೆ ಅದರಿಂದ ಯಾವ ಮನೆಗೆ ಏನು ಸಿಕ್ಕಿತು ಎಂದು ತೂಗಿ ನೋಡಲೇಬೇಕು.

ಶಿವಮೊಗ್ಗದವರಿಗೆ ಈ ಸೇವೆ ಹತ್ತಿರದ್ದು. ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಮುಖ್ಯ ಆವರಣ ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿದೆ. ಶಿವಮೊಗ್ಗದ ನವಿಲೆಯಲ್ಲಿ ಕೃಷಿ ಕಾಲೇಜು ಮತ್ತು ಕೃಷಿ ವಿಜ್ಞಾನ ಕೇಂದ್ರ, ತೀರ್ಥಹಳ್ಳಿಯಲ್ಲಿ ಅಡಿಕೆ ಸಂಶೋಧನಾ ಕೇಂದ್ರ. ಭೂಮಿಯ ಗುಣ ನೋಡಿ, ಬೆಳೆ ಅಳೆದು, ಆಮೇಲೆ ಕಂದಾಯ ಗೊತ್ತು ಮಾಡಿದ ‘ಶಿಸ್ತು’ ಶಿವಪ್ಪ ನಾಯಕನದು. ಅವನ ಹೆಸರಿನ ವಿಶ್ವವಿದ್ಯಾಲಯದಿಂದ ರೈತ ಮೊದಲು ಕೇಳಬೇಕಾದದ್ದೂ ಅಳತೆಯೇ. ಮುಂದೆ ಬರೆದದ್ದು ಇದೊಂದೇ ವಿಶ್ವವಿದ್ಯಾಲಯದ ಬಗ್ಗೆ ಅಲ್ಲ. ಯಾವ ಕೃಷಿ ಕಾಲೇಜಿನ ತಂಡ ಬಂದರೂ ಈ ಕಾರ್ಯಕ್ರಮದಲ್ಲಿ ಯಾವ ಭಾಗ ಮನೆಗೆ ದಕ್ಕುತ್ತದೆ, ಯಾವುದು ಫೋಟೋ ಆಗಿ ಹೋಗುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದರ ಲೆಕ್ಕ.

ಮೊದಲ ವಾರದ ಕೆಲಸ ಊರಿನ ನಕ್ಷೆ. ಶಾಲೆಯ ಅಂಗಳದಲ್ಲೋ ದೇವಸ್ಥಾನದ ಮುಂದೋ ರಂಗೋಲಿ ಪುಡಿಯಲ್ಲಿ ರಸ್ತೆ, ಹಳ್ಳ, ಕೆರೆ, ಮನೆ, ತೋಟ, ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು) ಎಲ್ಲ ಬರೆಯುತ್ತಾರೆ. ನೀರು ಎಲ್ಲಿ ಕಡಿಮೆ, ಯಾವ ತಿಂಗಳು ಯಾವ ಕೆಲಸ, ಯಾವ ತಿಂಗಳು ಕೈಯಲ್ಲಿ ಕಾಸಿಲ್ಲ ಎಂದು ಊರವರೇ ಹೇಳಬೇಕು, ಹುಡುಗರು ಬರೆದುಕೊಳ್ಳಬೇಕು. ಬಯಲುಸೀಮೆಯ ಊರಿಗೆ ಇದು ಚೆನ್ನಾಗಿ ಒಗ್ಗುತ್ತದೆ, ಅಲ್ಲಿ ಮನೆಗಳೆಲ್ಲ ಒಂದೇ ಕಡೆ. ಮಲೆನಾಡಿನಲ್ಲಿ ಒಂದು ಮನೆಯಿಂದ ಇನ್ನೊಂದಕ್ಕೆ ಅರ್ಧ ಮೈಲಿ ನಡೆಯಬೇಕು, ನಡುವೆ ಹಳ್ಳದ ಮೇಲಿನ ಸಂಕ ದಾಟಬೇಕು. ಬೆಳಿಗ್ಗೆ ಹತ್ತಕ್ಕೆ ಶಾಲೆ ಹತ್ತಿರ ಸೇರಿದವರು ಬರೆಸಿದ ನಕ್ಷೆಯಲ್ಲಿ ಬಸ್ ನಿಲ್ಲುವ ಜಾಗದ ಸುತ್ತಲಿನ ಮನೆಗಳು ಮಾತ್ರ ಇರುತ್ತವೆ. ಗುಡ್ಡದಾಚೆಯ ಕೇರಿ, ಒಂಟಿ ಮನೆ, ಕೂಲಿಯವರ ಬಿಡಾರ ಬಿಟ್ಟುಹೋಗುತ್ತವೆ. ಹೆಂಗಸರೂ ಆ ಹೊತ್ತಿಗೆ ಬರಲಾರರು, ಕೊಟ್ಟಿಗೆ ಕೆಲಸ ಅಡುಗೆ ಮುಗಿಯುವುದೇ ಮಧ್ಯಾಹ್ನಕ್ಕೆ. ಹಾಗಾಗಿ ನಕ್ಷೆಯನ್ನು ಎರಡು ಸಲ ಬರೆಸಬೇಕು: ಒಂದು ಶಾಲೆ ಹತ್ತಿರ, ಇನ್ನೊಂದು ಮಧ್ಯಾಹ್ನ ಎರಡೂವರೆಯ ಮೇಲೆ ದೂರದ ಕೇರಿಯ ಯಾರದಾದರೂ ಅಂಗಳದಲ್ಲಿ. ಎರಡನ್ನೂ ಪಕ್ಕಪಕ್ಕ ಇಟ್ಟಾಗಲೇ ಕುಡಿಯುವ ನೀರಿನ ತೊಂದರೆ ಯಾರಿಗೆ ಎಂದು ಕಾಣುತ್ತದೆ. ಪುಡಿ ಅಳಿಸುವ ಮೊದಲು ದೊಡ್ಡ ಹಾಳೆಗೆ ಇಳಿಸಿ ಒಂದು ಪ್ರತಿ ಪಂಚಾಯಿತಿಗೆ ಕೊಡಿ ಎಂದು ಆವತ್ತೇ ಕೇಳಿ. ದಾಖಲೆ ಪುಸ್ತಕ ಕಾಲೇಜಿಗೆ ಹೋದಮೇಲೆ ಆ ನಕ್ಷೆ ಊರಿಗೆ ವಾಪಸು ಬರುವುದು ಕಷ್ಟ.

ಇಡೀ ಕಾರ್ಯಕ್ರಮದಲ್ಲಿ ಒಂದು ಸಂಸಾರಕ್ಕೆ ದುಡ್ಡಿನ ಲೆಕ್ಕದಲ್ಲಿ ಅತಿ ಹೆಚ್ಚು ಉಪಯೋಗ ಮಣ್ಣು ಪರೀಕ್ಷೆಯಿಂದ. ಅತಿ ಹೆಚ್ಚು ಹಾಳಾಗುವುದೂ ಅದೇ. ಪ್ರಯೋಗಾಲಯದ ತಪ್ಪಿಗಿಂತ ಚೀಲಕ್ಕೆ ಹೋದ ಮಣ್ಣಿನ ತಪ್ಪು ದೊಡ್ಡದು. ಅಡಿಕೆ ತೋಟದಲ್ಲಿ ಗದ್ದೆಯ ರೀತಿ ಮಾದರಿ ತೆಗೆಯಬಾರದು. ಗದ್ದೆಗೆ ಅರ್ಧ ಅಡಿ ಆಳದ ‘ವಿ’ ಆಕಾರದ ಗುಂಡಿ ಸಾಕು, ಎಕರೆಗೆ ಹತ್ತು ಹದಿನೈದು ಕಡೆ ಅಂಕುಡೊಂಕಾಗಿ ನಡೆದು ತೆಗೆಯುವುದು. ಅಡಿಕೆ ಮರದ ಬೇರು ಅದಕ್ಕಿಂತ ಆಳದಲ್ಲಿ ಉಣ್ಣುತ್ತದೆ. ಬುಡದಿಂದ ಎರಡು ಮೂರು ಅಡಿ ದೂರದಲ್ಲಿ, ಮೇಲಿನ ಒಂದು ಅಡಿಯದು ಒಂದು ಮಾದರಿ, ಅದರ ಕೆಳಗಿನ ಒಂದು ಅಡಿಯದು ಇನ್ನೊಂದು. ಒಂದೇ ತರಹದ ನೆಲದಲ್ಲಿ ಎಂಟು ಹತ್ತು ಮರದ ಬುಡದಿಂದ ತೆಗೆದು, ಮೇಲಿನದನ್ನು ಮೇಲಿನದರ ಜತೆ, ಕೆಳಗಿನದನ್ನು ಕೆಳಗಿನದರ ಜತೆ ಬೆರೆಸಬೇಕು. ಕಾದಿಗೆ (ತೋಟದ ಬಸಿಗಾಲುವೆ) ಹತ್ತಿರದ ತಗ್ಗು, ಗುಡ್ಡದ ಕಡೆಯ ಏರು, ಈಚೆಗೆ ನೆಟ್ಟ ಸಸಿ ತೋಟ ಇವು ಮೂರನ್ನೂ ಒಂದೇ ಚೀಲಕ್ಕೆ ತುಂಬಿದರೆ ಬರುವ ಸರಾಸರಿ ಯಾವ ಮರಕ್ಕೂ ಹೊಂದುವುದಿಲ್ಲ.

ನಮ್ಮ ಕಡೆ ಇನ್ನೊಂದು ತೊಡಕಿದೆ. ತೋಟಕ್ಕೆ ಕೆಲವು ವರ್ಷಕ್ಕೊಮ್ಮೆ ಹೊಸ ಮಣ್ಣು ಹಾಕುತ್ತಾರೆ, ಮೇಲೆ ಸೊಪ್ಪು, ಅದರ ಮೇಲೆ ಕೊಟ್ಟಿಗೆ ಗೊಬ್ಬರ. ಆ ಪದರವನ್ನು ಕೈಯಲ್ಲಿ ಸರಿಸದೆ ಗುದ್ದಲಿ ಹಾಕಿದರೆ ವರದಿಯಲ್ಲಿ ಸಾವಯವ ಇಂಗಾಲ ಏರಿ ಕಾಣುತ್ತದೆ, ‘ಸಾರಜನಕ ಕಡಿಮೆ ಸಾಕು’ ಎಂಬ ಸಲಹೆ ಬರುತ್ತದೆ, ಮರ ಹಳದಿ ತಿರುಗುತ್ತದೆ. ಹೊಸ ಮಣ್ಣು ಹಾಕಿದ ತೋಟವಾದರೆ ಎಷ್ಟು ದಪ್ಪ, ಯಾವಾಗ ಹಾಕಿದ್ದು ಎಂದು ಚೀಟಿಯಲ್ಲಿ ಬರೆದುಕೊಡಿ. ಮಣ್ಣನ್ನು ಒಗ್ಗೂಡಿಸಿ ಹಾಸಿ, ನಾಲ್ಕು ಭಾಗ ಮಾಡಿ ಎದುರುಬದುರಿನ ಎರಡು ಭಾಗ ಬಿಟ್ಟು ಉಳಿದೆರಡನ್ನು ಮತ್ತೆ ಬೆರೆಸಬೇಕು. ಅರ್ಧ ಕೆಜಿ ಉಳಿಯುವ ತನಕ ಹೀಗೇ. ಬೆರೆಸುವುದಕ್ಕೆ ತಗಡಿನ ಬಕೆಟ್ ಬೇಡ, ಅದರ ಲೇಪದ ಸತು ಮಣ್ಣಿಗೆ ಹತ್ತಿ ವರದಿ ತಪ್ಪುತ್ತದೆ. ಪ್ಲಾಸ್ಟಿಕ್ ಬುಟ್ಟಿಯೋ ಅಡಿಕೆ ಹಾಳೆಯೋ ಸಾಕು. ಯೂರಿಯಾ ತಂದ ಹಳೆ ಚೀಲ ಖಂಡಿತ ಬೇಡ.

ಒಣಗಿಸುವುದರಲ್ಲಿ ಆಗುವ ತಪ್ಪು ಯಾರ ಗಮನಕ್ಕೂ ಬರುವುದಿಲ್ಲ. ಮಳೆ ಬಿಡದ ದಿನಗಳಲ್ಲಿ ಎಲ್ಲವೂ ಒಲೆ ಮೇಲಿನ ಅಟ್ಟಕ್ಕೆ ಹೋಗುವುದು ನಮ್ಮ ರೂಢಿ. ಮಣ್ಣಿನ ಮಾದರಿಯೂ ಅಲ್ಲಿಗೇ ಹೋದರೆ ಮೇಲೆ ಬೂದಿ ಕೂರುತ್ತದೆ. ಬೂದಿಯಲ್ಲಿ ಪೊಟ್ಯಾಶ್ ಇದೆ, ಕ್ಷಾರವೂ ಇದೆ. ಹುಳಿ ಮಣ್ಣು ವರದಿಯಲ್ಲಿ ಹುಳಿಯಿಲ್ಲದ್ದಾಗಿ, ಪೊಟ್ಯಾಶ್ ಇಲ್ಲದ್ದು ಇರುವುದಾಗಿ ತೋರುತ್ತದೆ. ಜಗುಲಿಯ ನೆರಳಲ್ಲಿ ಕಾಗದದ ಮೇಲೆ ತೆಳ್ಳಗೆ ಹರಡಿ, ನಾಲ್ಕು ದಿನ ತಡವಾದರೂ ಪರವಾಗಿಲ್ಲ. ಹೆಸರು, ಸರ್ವೆ ನಂಬರು, ಆಳ, ಬೆಳೆ, ಹೋದ ವರ್ಷ ಹಾಕಿದ ಗೊಬ್ಬರ ಇಷ್ಟನ್ನು ಪೆನ್ಸಿಲ್‌ನಲ್ಲಿ ಬರೆದು ಒಂದು ಚೀಟಿ ಬಟ್ಟೆ ಚೀಲದ ಒಳಗೆ, ಒಂದು ಹೊರಗೆ. ಪೆನ್ನಿನ ಶಾಯಿ ತೇವಕ್ಕೆ ಹರಡುತ್ತದೆ.

ವರದಿ ಬಂದಮೇಲಿನ ಕೆಲಸವನ್ನು ಹುಡುಗರಿಂದಲೇ ಮಾಡಿಸಿಕೊಳ್ಳಬೇಕು, ಅವರ ಓದು ನಿಜವಾಗಿ ನೆರವಿಗೆ ಬರುವುದು ಅಲ್ಲಿ. ಮಣ್ಣು ಆರೋಗ್ಯ ಚೀಟಿಯಲ್ಲಿ ರಸಸಾರದಿಂದ (ಮಣ್ಣಿನ ಹುಳಿ, ಕ್ಷಾರದ ಅಳತೆ, ಪಿಎಚ್) ಬೋರಾನ್‌ವರೆಗೆ 12 ಅಂಶ ಇರುತ್ತವೆ. ಹೆಚ್ಚಿನ ಮನೆಗಳಲ್ಲಿ ಅದು ಓದಿಸಿಕೊಳ್ಳದೆ ಕಪಾಟಿನಲ್ಲಿ ಕೂತಿರುತ್ತದೆ. ಅಡಿಕೆಗೆ ಸಾಮಾನ್ಯ ಶಿಫಾರಸು ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಶ್. ಅಂಗಡಿಯ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು 217 ಗ್ರಾಂ ಯೂರಿಯಾ, 200 ಗ್ರಾಂ ಶಿಲಾರಂಜಕ (ರಾಕ್ ಫಾಸ್ಫೇಟ್), 233 ಗ್ರಾಂ ಮ್ಯೂರಿಯೇಟ್ ಆಫ್ ಪೊಟ್ಯಾಶ್. ಒಂಬತ್ತು ಅಡಿ ಅಂತರದ ತೋಟದಲ್ಲಿ ಎಕರೆಗೆ ಹತ್ತಿರ ಹತ್ತಿರ 540 ಮರ. ಅಂದರೆ ಯೂರಿಯಾ 117 ಕೆಜಿ, ಶಿಲಾರಂಜಕ 108 ಕೆಜಿ, ಪೊಟ್ಯಾಶ್ 126 ಕೆಜಿ. ಒಂದೇ ಸಲ ಸುರಿಯದೆ ಎರಡು ಕಂತಿನಲ್ಲಿ ಕೊಡಬೇಕು. ವರದಿಯಲ್ಲಿ ರಂಜಕ ‘ಹೆಚ್ಚು’ ಎಂದಿದ್ದರೆ ಆ ವರ್ಷ ಶಿಲಾರಂಜಕದ ಚೀಲವನ್ನು ಎಷ್ಟು ತಗ್ಗಿಸಬಹುದು ಎಂದು ಕೇಳಿ, ಉತ್ತರವನ್ನು ಚೀಲದ ಲೆಕ್ಕದಲ್ಲೇ ಬರೆಸಿಕೊಳ್ಳಿ. ‘ಹೆಕ್ಟೇರಿಗೆ ಇಷ್ಟು ಕೆಜಿ ಪೋಷಕಾಂಶ’ ಎಂಬ ಸಾಲು ಹಿಡಿದು ಯಾರೂ ಅಂಗಡಿಗೆ ಹೋಗಲಾರರು.

ಮಲೆನಾಡಿನ ಮಳೆ ಸುಣ್ಣದ ಅಂಶವನ್ನು ತೊಳೆದುಕೊಂಡು ಹೋಗುವುದರಿಂದ ಇಲ್ಲಿನ ತೋಟದ ಮಣ್ಣು ಹುಳಿ. ರಸಸಾರ ಐದೂವರೆಗಿಂತ ಕೆಳಗಿದ್ದರೆ ಸುಣ್ಣದ ಮಾತು ಬರುತ್ತದೆ. ಅದರ ಪ್ರಮಾಣ ಮಣ್ಣು ಜೇಡಿಯೋ ಮರಳೋ ಎಂಬುದರ ಮೇಲೂ ನಿಂತಿದೆ, ಆದ್ದರಿಂದ ರಸಸಾರದ ಅಂಕಿ ಒಂದನ್ನೇ ನೋಡಿ ಅಂದಾಜಿಗೆ ಹಾಕುವುದು ಬೇಡ, ‘ಸುಣ್ಣದ ಅಗತ್ಯ’ ಬೇರೆಯಾಗಿ ಪರೀಕ್ಷೆ ಮಾಡಿಸಿ. ಸುಣ್ಣ ಹಾಕಿದ ಕೂಡಲೆ ಯೂರಿಯಾ ಹಾಕಿದರೆ ಸಾರಜನಕ ಅಮೋನಿಯವಾಗಿ ಗಾಳಿಗೆ ಹೋಗುತ್ತದೆ. ನಡುವೆ ಎರಡು ಮೂರು ವಾರ ಬಿಡಬೇಕು. ಕಾಯಿ ಉದುರಿಸುವ ಕೊಳೆರೋಗಕ್ಕೆ ತಲೆತಲಾಂತರದಿಂದ ಬೋರ್ಡೋ (ತಾಮ್ರವಿರುವ ಮೈಲುತುತ್ತು ಮತ್ತು ಸುಣ್ಣದ ದ್ರಾವಣ) ಹೊಡೆದ ತೋಟವಾದರೆ ತಾಮ್ರದ ಅಂಕಿಯನ್ನೂ ನೋಡಿಸಿ, ಅದು ಮಣ್ಣಿನಲ್ಲಿ ಕೂಡುತ್ತಾ ಹೋಗುವ ವಸ್ತು.

ಬೋರ್ಡೋ ದ್ರಾವಣದ ಪ್ರಾತ್ಯಕ್ಷಿಕೆ ಇಲ್ಲದ ರಾವೆ ತಂಡ ಅಪರೂಪ. ಶೇ. 1ರ ದ್ರಾವಣಕ್ಕೆ 100 ಲೀಟರ್ ನೀರು, ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ. ಮನೆಯಲ್ಲಿರುವುದು 200 ಲೀಟರಿನ ಡ್ರಮ್ಮಾದರೆ ಎರಡೆರಡು ಕೆಜಿ. ಮೈಲುತುತ್ತನ್ನು ಅರ್ಧ ನೀರಿನಲ್ಲಿ, ಸುಣ್ಣವನ್ನು ಇನ್ನರ್ಧ ನೀರಿನಲ್ಲಿ ಬೇರೆಬೇರೆ ಕರಗಿಸಿ, ಸುಣ್ಣದ ನೀರನ್ನು ಸೋಸಿ, ಅದಕ್ಕೆ ಮೈಲುತುತ್ತಿನ ನೀರನ್ನು ನಿಧಾನವಾಗಿ ಸುರಿಯುತ್ತಾ ಕೋಲಿನಲ್ಲಿ ತಿರುವಬೇಕು. ಕಬ್ಬಿಣದ ಪಾತ್ರೆ ಆಗದು. ಸರಿಯಾಗಿ ಕೂಡಿದ ದ್ರಾವಣ ತಿಳಿನೀಲಿ, ಮೊಸರು ಕದಡಿದ ಹಾಗೆ ನುಣ್ಣಗಿರುತ್ತದೆ. ಈಗ ಚೆನ್ನಾಗಿ ಉಜ್ಜಿ ತೊಳೆದ ಕತ್ತಿಯನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ಇಟ್ಟಿಗೆ ಬಣ್ಣದ ತೆಳು ಪೊರೆ ಕೂತಿದ್ದರೆ ತಾಮ್ರ ಇನ್ನೂ ಬಿಡಿಯಾಗಿದೆ ಎಂದರ್ಥ. ಹಾಗೇ ಹೊಡೆದರೆ ಎಳೆ ಕಾಯಿ, ಸಿಂಗಾರ (ಅಡಿಕೆಯ ಹೂಗೊಂಚಲು) ಸುಡುತ್ತದೆ. ಸುಣ್ಣದ ನೀರು ಸ್ವಲ್ಪ ಸ್ವಲ್ಪ ಸೇರಿಸಿ ಮತ್ತೆ ಕತ್ತಿ ಅದ್ದಿ ನೋಡಬೇಕು. ಅಲಗು ಹೊಳಪು ಹೊಳಪಾಗಿಯೇ ಹೊರಗೆ ಬಂದರೆ ದ್ರಾವಣ ತಯಾರು. ಅವತ್ತೇ ಹೊಡೆದು ಮುಗಿಸಬೇಕು, ಮಾರನೆ ದಿನಕ್ಕೆ ಕಣ ಗಡ್ಡೆಗಟ್ಟಿ ಎಲೆಗೆ ಹಿಡಿಯುವುದಿಲ್ಲ.

‘ಪುಸ್ತಕದ ಅಳತೆಯಲ್ಲೇ ಮಾಡಿದೆವು, ಆದರೂ ಕೊಳೆ ಬಂತು’ ಎನ್ನುವ ಮನೆಗಳಲ್ಲಿ ಮೊದಲು ನೋಡಬೇಕಾದದ್ದು ಸುಣ್ಣ. ಹೋದ ವರ್ಷದ್ದು, ಚೀಲ ಬಿಚ್ಚಿಟ್ಟಿದ್ದು, ಗಾಳಿ ಕುಡಿದು ಸತ್ವ ಕಳಕೊಂಡ ಸುಣ್ಣವಾದರೆ ಒಂದು ಕೆಜಿಗೆ ಒಂದು ಕೆಜಿ ಸಾಲುವುದಿಲ್ಲ. ಎರಡನೆಯದು ಸಮಯ. ಮೊದಲ ಸಿಂಪಡಣೆ ಮುಂಗಾರು ಹಿಡಿಯುವ ಮುಂಚೆ ಆಗಿರಬೇಕು, ಎರಡನೆಯದು 40–45 ದಿನಕ್ಕೆ ಮಳೆ ಹೊಳವಾದಾಗ. ಕೊಳೆ ಕಂಡಮೇಲೆ ಹೊಡೆದದ್ದು ಬಿದ್ದ ಕಾಯನ್ನು ಉಳಿಸದು.

ಪ್ರಾತ್ಯಕ್ಷಿಕೆಯ ದೊಡ್ಡ ಕೊರತೆ ಬೇರೆಯೇ ಇದೆ. ಬ್ಯಾನರ್ ಕಟ್ಟಿ ಅಂಗಳದಲ್ಲಿ ತೋರಿಸುವಾಗ ಮುಂದೆ ನಿಂತಿರುವವರು ತೋಟದ ಯಜಮಾನರು. ನಿಜವಾಗಿ ದ್ರಾವಣ ಕೂಡಿಸುವವರು ಮತ್ತು ಮರ ಹತ್ತಿ ಹೊಡೆಯುವವರು ಅಡಿಕೆ ಕೊಯ್ಯುವ ಕೊನೆಗೌಡರು, ಉದ್ದ ಕೋಲಿನ ದೋಟಿಯಲ್ಲಿ ಹೊಡೆಯುವ ಹುಡುಗರು. ಅವತ್ತು ಅವರು ಇನ್ನೊಬ್ಬರ ತೋಟದಲ್ಲಿ ಕೆಲಸದಲ್ಲಿರುತ್ತಾರೆ. ಊರಿನಲ್ಲಿ ಔಷಧಿ ಹೊಡೆಯುವ ನಾಲ್ಕು ಜನ ಯಾರು ಎಂದು ಗುರುತಿಸಿ, ಅವರ ಅರ್ಧ ದಿನದ ಕೂಲಿ ಯಾರು ಕೊಡುವುದು ಎಂದು ಮೊದಲೇ ಮಾತಾಡಿ, ಅವರ ಕೈಯಿಂದಲೇ ಕತ್ತಿ ಅದ್ದಿಸಿದರೆ ಊರಿನ ಅಷ್ಟೂ ತೋಟಕ್ಕೆ ಅದರ ಫಲ. ವಿಶ್ವವಿದ್ಯಾಲಯ ಈ ಒಂದು ಸಾಲನ್ನು ಕಾರ್ಯಕ್ರಮದ ನಿಯಮಕ್ಕೇ ಸೇರಿಸಿದರೆ ಎಷ್ಟು ಚೆನ್ನ. ಹೊಡೆಯುವವರ ಕಣ್ಣು, ಕೈ, ಮುಖದ ರಕ್ಷಣೆಯ ಮಾತೂ ಅಲ್ಲೇ ಆಗಬೇಕು.

ಸೆಮಿಸ್ಟರಿಗೂ ಬೆಳೆಗೂ ಹೊಂದಾಣಿಕೆ ಇಲ್ಲದಿರುವುದು ಇನ್ನೊಂದು ತೊಂದರೆ. ತಂಡ ಸಾಮಾನ್ಯವಾಗಿ ಮಳೆಗಾಲದ ಹಿಂದುಮುಂದು ಬರುತ್ತದೆ, ತಿಂಗಳು ಆಯಾ ವರ್ಷದ ಕಾಲೇಜು ಕ್ಯಾಲೆಂಡರಿನ ಮೇಲೆ. ಅಕ್ಟೋಬರಿನಲ್ಲಿ ಭತ್ತದ ಬೀಜೋಪಚಾರ ತೋರಿಸಿದರೆ ನೋಡಿದವರು ಮುಂದಿನ ಜೂನ್‌ಗೆ ಮರೆತಿರುತ್ತಾರೆ. ಆ ಹೊತ್ತಿಗೆ ಬೇಕಾದದ್ದು ಗದ್ದೆಯಲ್ಲಿ ಬೆಂಕಿರೋಗ, ಕಾಂಡಕೊರಕದ ಗುರುತು, ತೋಟದಲ್ಲಿ ಎರಡನೇ ಕಂತಿನ ಗೊಬ್ಬರದ ಲೆಕ್ಕ, ಎಲೆಚುಕ್ಕೆ ರೋಗ ಹಿಡಿದ ಅಡಿಕೆ ಸೋಗೆ ತೆಗೆದು ಸುಡುವ ಕೆಲಸ. ಎಲೆಚುಕ್ಕೆಗೆ ಯಾವ ಔಷಧಿ, ಎಷ್ಟು ಎಂಬುದನ್ನು ತೀರ್ಥಹಳ್ಳಿ ಕೇಂದ್ರದ ಆ ವರ್ಷದ ಶಿಫಾರಸು ತರಿಸಿಕೊಂಡೇ ನಿರ್ಧರಿಸಿ. ಒಬ್ಬರೇ ಹೊಡೆದರೆ ಸಾಲದು, ಪಕ್ಕದ ತೋಟದ ಒಣಗಿದ ಸೋಗೆಯಿಂದ ಗಾಳಿ ಮಳೆಗೆ ಬೀಜಕಣ ಮತ್ತೆ ಬರುತ್ತದೆ. ಸಾಲು ತೋಟದವರನ್ನೆಲ್ಲ ಒಂದೇ ವಾರಕ್ಕೆ ಒಪ್ಪಿಸುವುದು ಒಬ್ಬ ರೈತನಿಗೆ ಕಷ್ಟ, ಮನೆಮನೆ ತಿರುಗುವ ಎಂಟು ಹತ್ತು ಹುಡುಗ ಹುಡುಗಿಯರ ತಂಡಕ್ಕೆ ಸಾಧ್ಯ. ಈ ಕೆಲಸವನ್ನು ಅವರಿಗೆ ಒಪ್ಪಿಸಲು ಊರಿನವರು ಹಿಂಜರಿಯಬೇಕಾಗಿಲ್ಲ.

ಅಜೋಲ್ಲ ಎಂದರೆ ನೀರಿನ ಮೇಲೆ ತೇಲಿ ಬೆಳೆಯುವ, ದನಕ್ಕೆ ಮೇವಾಗುವ ಪುಟ್ಟ ಗಿಡ. ಅದರ ತೊಟ್ಟಿ ಪ್ರತಿ ಊರಲ್ಲೂ ಮಾಡುತ್ತಾರೆ. ಎರಡು ಮೀಟರ್ ಉದ್ದ ಅಗಲದ ಹಾಸಿಗೆ 10–15 ಕೆಜಿ ಜರಡಿ ಹಿಡಿದ ಮಣ್ಣು, ಎರಡು ಕೆಜಿ ಸಗಣಿ, 30 ಗ್ರಾಂ ಸೂಪರ್ ಫಾಸ್ಫೇಟ್, ನಾಲ್ಕು ಬೆರಳು ನೀರು, ಅರ್ಧದಿಂದ ಒಂದು ಕೆಜಿ ಅಜೋಲ್ಲ. ಹತ್ತು ಹದಿನೈದು ದಿನದ ಮೇಲೆ ದಿನಕ್ಕೆ ಅರ್ಧ ಕೆಜಿಯಷ್ಟು ತೆಗೆದು ತೊಳೆದು ದನಕ್ಕೆ ಹಾಕಬಹುದು. ನಮ್ಮಲ್ಲಿ ಅದು ಸಾಯುವುದಕ್ಕೆ ಎರಡು ಕಾರಣ: ಜಡಿಮಳೆಗೆ ತೊಟ್ಟಿ ತುಂಬಿ ಅಜೋಲ್ಲವೇ ಕೊಚ್ಚಿ ಹೋಗುವುದು, ತೋಟದ ದಟ್ಟ ನೆರಳು. ಕೊಟ್ಟಿಗೆಯ ಸೂರಿನಂಚಿನಲ್ಲಿ, ಅರ್ಧ ಬಿಸಿಲು ಬೀಳುವ ಕಡೆ, ಮೇಲೆ ಮಳೆಗೆ ಮರೆ ಇರುವಂತೆ ಮಾಡಿಸಿ. ಒಂದೆರಡು ದನ ಇರುವ ಮನೆಗೆ ಮಾತ್ರ ಇದು ಲಾಭ.

ಹಿತ್ತಲ ತರಕಾರಿ ಮಡಿಯ ಕಾರ್ಯಕ್ರಮಕ್ಕೆ ಅಷ್ಟಾಗಿ ಯಾರೂ ಬೆಲೆ ಕೊಡುವುದಿಲ್ಲ, ಕೊಡಬೇಕು. ಮಲೆನಾಡಿನ ಮಳೆಗಾಲದಲ್ಲಿ ಟೊಮೆಟೊ ಮೆಣಸು ಕೊಳೆಯುತ್ತದೆ. ಬಸಳೆ, ಕೆಸು, ಹೀರೆ, ಮೊಗೆ ನಿಲ್ಲುತ್ತವೆ. ತಂಡ ಹಂಚುವ ಬೀಜದ ಪೊಟ್ಟಣದಲ್ಲಿ ಬಯಲುಸೀಮೆಯ ಪಟ್ಟಿ ಇರದಂತೆ ನೋಡಿ, ಊರಿನ ಹೆಂಗಸರ ಹತ್ತಿರ ಇರುವ ನಾಟಿ ಬೀಜವನ್ನೇ ಪಟ್ಟಿ ಮಾಡಿ ಮನೆಯಿಂದ ಮನೆಗೆ ದಾಟಿಸುವ ಕೆಲಸ ವಿದ್ಯಾರ್ಥಿನಿಯರಿಗೆ ಕೊಟ್ಟರೆ ಇಬ್ಬರಿಗೂ ಕಲಿಕೆ. ಶಾಲೆ ಮಕ್ಕಳಿಗೆ ಒಂದು ಮಧ್ಯಾಹ್ನ ಮಣ್ಣು ಮಾದರಿ ತೆಗೆಯುವುದನ್ನು ತೋರಿಸಿದರೆ ಮನೆಗೆ ಹೋಗಿ ಅಪ್ಪನಿಗೆ ಹೇಳಿಕೊಡುತ್ತಾರೆ.

ವಿದ್ಯಾರ್ಥಿಗಳನ್ನು ಇರಿಸಿಕೊಳ್ಳುವ ಊರಿಗೂ ಕರ್ತವ್ಯವಿದೆ. ಬೆಂಗಳೂರು, ಬಳ್ಳಾರಿ ಕಡೆಯ ಮಕ್ಕಳಿಗೆ ರಕ್ತ ಹೀರುವ ಇಂಬಳ ಹೊಸದು, ಕೊನೆಯ ಬಸ್ ಐದೂವರೆಗೆ ಹೋಗುತ್ತದೆಂಬುದೂ ಹೊಸದು. ಹುಡುಗಿಯರ ತಂಡಕ್ಕೆ ಬಾಗಿಲು ಭದ್ರವಿರುವ, ಶೌಚಾಲಯಕ್ಕೆ ನೀರಿರುವ ಮನೆಯೇ ಬೇಕು. ಬಾಗಿಲಿಗೆ ಚಿಲಕವೂ ಇಲ್ಲದ ಸಮುದಾಯ ಭವನ ತೋರಿಸಬಾರದು. ಊರನ್ನು ಅಡ್ಡ ಹಾಯ್ದು ನಡೆದು ನೆಲ, ಬೆಳೆ, ನೀರು ಬರೆದುಕೊಳ್ಳುವ ನಡಿಗೆ ಕಾರ್ಯಕ್ರಮದಲ್ಲೇ ಇದೆ, ಅದು ನಮ್ಮಲ್ಲಿ ಸೊಪ್ಪಿನಬೆಟ್ಟ, ಕಾಡಂಚು ಹಾದೇ ಹೋಗುತ್ತದೆ. ಮಂಗನ ಕಾಯಿಲೆ 1957ರಲ್ಲಿ ಮೊದಲು ಗುರುತಾದದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಉಣುಗಿನಿಂದ ಹರಡುವ ಈ ಜ್ವರ ಡಿಸೆಂಬರಿನಿಂದ ಮೇ ತನಕ ಹೆಚ್ಚು. ಆ ತಿಂಗಳುಗಳಲ್ಲಿ ನಡಿಗೆ ಇಟ್ಟುಕೊಂಡರೆ ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಹಚ್ಚಿಕೊಂಡು, ಮೈ ಮುಚ್ಚುವ ಬಟ್ಟೆ ಹಾಕಿ, ತರಗಿನ ಮೇಲೆ ಕೂರದೆ ನಡೆಯಲಿ. ಬಂದ ಕೂಡಲೆ ಬಿಸಿನೀರು ಸೋಪಿನ ಸ್ನಾನ, ಬಟ್ಟೆಯೂ ಬಿಸಿನೀರಿಗೆ. ದಾರಿಯಲ್ಲಿ ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೇಳಬೇಕು. ಇದನ್ನು ತಿಳಿಸಬೇಕಾದವರು ಊರಿನವರು, ಕಾಡು ಗೊತ್ತಿರುವುದು ಅವರಿಗೆ.

ಕೊನೆಯ ದಿನ ವಸ್ತುಪ್ರದರ್ಶನ, ಸನ್ಮಾನ, ಊಟ ಇರುತ್ತದೆ. ಅದಕ್ಕಿಂತ ಒಂದು ವಾರ ಮೊದಲೇ ಒಂದು ಸಂಜೆ ಹಾಲಿನ ಡೇರಿ ಹತ್ತಿರ ಕೂತು ಬಾಕಿ ಲೆಕ್ಕ ಕೇಳಿಕೊಳ್ಳಿ. ಯಾರ ಯಾರ ಮಣ್ಣಿನ ವರದಿ ಬಂದಿಲ್ಲ, ತಂಡ ಹೋದಮೇಲೆ ಬಂದರೆ ಅದು ಯಾರ ವಿಳಾಸಕ್ಕೆ ಬರುತ್ತದೆ, ಓದಿ ಹೇಳುವವರು ಯಾರು, ಮಾರ್ಗದರ್ಶಕ ಅಧ್ಯಾಪಕರನ್ನು ಕಾಣುವುದು ಹೇಗೆ, ಅಜೋಲ್ಲ ತೊಟ್ಟಿ ನೋಡಿಕೊಳ್ಳುವ ಮನೆ ಯಾವುದು. ಒಂದು ನೋಟ್‌ಬುಕ್ಕಿನಲ್ಲಿ ಮನೆಗೊಂದು ಪುಟ ಮಾಡಿ ರಸಸಾರ, ರಂಜಕ, ಪೊಟ್ಯಾಶ್, ಕೊಟ್ಟ ಸಲಹೆ ಬರೆಸಿ ಡೇರಿಯಲ್ಲೇ ಇಡಿ. ಮುಂದಿನ ತಂಡ ಬಂದಾಗ ಅದೇ ಮರಗಳ ಬುಡದಿಂದ ಮಣ್ಣು ತೆಗೆದು ಅದೇ ಪುಟದಲ್ಲಿ ಕೆಳಗೆ ಬರೆಯಬೇಕು. ಮೇ ಕೊನೆಯಲ್ಲಿ ಸುಣ್ಣ ತರುವ ಹೊತ್ತಿಗೆ ಆ ನಾಲ್ಕು ಜನ ಔಷಧಿ ಹೊಡೆಯುವವರು ಡ್ರಮ್ಮಿಗೆ ಕತ್ತಿ ಅದ್ದಿ ನೋಡುತ್ತಾರೋ ಇಲ್ಲವೋ, ಅದನ್ನೂ ಒಂದು ಸಾಲು ಬರೆದಿಡಿ.